ಮುತ್ಯಾ ತಿಂದ ಪೂರಿ

ನಿನ್ನೆ ಅಂಗಡಿಯೊಂದರಲ್ಲಿ ಕುಸುಬಿ ಎಣ್ಣೆಯ ವಾಸನೆ ಬಂತು. ಆಳಂದದ ಕಡೆಯ ನಮ್ಮೂರಲ್ಲಿ ಅಜ್ಜನಿಗೆ, ನಮ್ಮ ಮುತ್ಯಾನಿಗೆ, ಎಣ್ಣೆಗಾಣವಿತ್ತು. ಅವರ ಅಂಗಿ, ಹಾಸಿಗೆಗೆಲ್ಲ ಅದೇ ವಾಸನೆ. ಹೊರದೇಶದ ತಾಳೆ ಎಣ್ಣೆ ಪಾಕೀಟಿನಲ್ಲಿ ಅಗ್ಗವಾಗಿ ಬಂದ ಮೇಲೆ ಗಾಣಕ್ಕೆ ಬರುವವರು ಕಡಿಮೆಯಾದರು.

ಒಂದು ಹಬ್ಬಕ್ಕೆ, ಪಕ್ಕದ ಮನೆಯಲ್ಲಿದ್ದ, ಕೂಲಿ ಮಾಡುತ್ತಿದ್ದ ಶಾಂತವ್ವ ಬಿಸಿ ಪೂರಿ ತಂದಳು.

"ಪಾಕೀಟ್ ಎಣ್ಣಿ ಸಸ್ತಾ ಆಗ್ಯಾದ್ರಿ ಮುತ್ಯಾ. ಇದೇ ಮೊದ್ಲ ಸಲ ಹುಡುಗರಿಗಿ ಪೂರಿ ಕರದೀನ್ರಿ."

ನಮ್ಮವ್ವ ಮುಖ ತಿರುಗಿಸಿದಳು. ಮುತ್ಯಾ ಮಾತ್ರ ಪೂರಿ ಪೂರ್ತಿ ತಿಂದು, "ಛಲೋ ಆಗ್ಯಾವವ್ವಾ. ಹುಡುಗರು ಹೊಟ್ಟಿ ತುಂಬ ಉಣ್ಣಲಿ" ಎಂದರು.

ಆ ವಾರವೇ ಗಾಣದ ಎತ್ತನ್ನು ಮಾರಿದರು. ಅಂದು ರಾತ್ರಿ ಮುತ್ಯಾ ಊಟ ಮಾಡಲಿಲ್ಲ.

ಈಗಲೂ ಊರಿಗೆ ಹೋದಾಗ ಶಾಂತವ್ವ, "ನಿಮ್ಮ ಮುತ್ಯಾ ಭಾಳ ದೊಡ್ಡ ಮನಸಿನವ್ರು" ಅನ್ನುತ್ತಾಳೆ. ಅವರು ಉಪವಾಸ ಮಲಗಿದ್ದನ್ನು ನಾನು ಅವಳಿಗೆ ಹೇಳಿಲ್ಲ.