ಅಜ್ಜನ ‘ಕಟ್ಟೂಣಂತ’

ಮೊನ್ನೆ ಅಂಗಡಿಯೊಂದರಲ್ಲಿ ಹೊಸ ನಾರಿನ ಹಗ್ಗದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾಳಮಡ್ಡಿಯ ನಮ್ಮ ಹಳೆಯ ಮನೆ, ಅಂಗಳದ ಬೇವಿನ ಮರ, ಅದರಡಿ ಕುರ್ಚಿಗೆ ಒರಗಿದ ಅಜ್ಜ, ಎಲ್ಲ ಒಟ್ಟಿಗೇ ಕಣ್ಣೆದುರು ಬಂದು ನಿಂತವು. ಆ ಮನೆ ಈಗಿಲ್ಲ. ಬೇವೂ ಇಲ್ಲ.

ನಮ್ಮ ಮನೆಯಲ್ಲಿ ‘ಇಲ್ಲ’ ಎನ್ನುವುದೇ ದೊಡ್ಡ ಅಸಭ್ಯತೆ. ಯಾರು ಏನೇ ಕೇಳಲಿ, ಅಜ್ಜ ನಶ್ಯದ ಡಬ್ಬಿ ತಟ್ಟುತ್ತ ‘ಮಾಡೂಣಂತ’ ಎನ್ನುತ್ತಿದ್ದರು. ಸೋರುವ ಹಂಚು ಸರಿಮಾಡಿಸುವುದು, ಅಜ್ಜಿಯನ್ನು ಕಾಶಿಗೆ ಕರೆದೊಯ್ಯುವುದು, ಎಲ್ಲಕ್ಕೂ ಅದೊಂದೇ ಉತ್ತರ. ನನಗೆ ಬೇಕಿದ್ದದ್ದು ನಾಗರಪಂಚಮಿಗೆ ಒಂದು ಜೋಕಾಲಿ. ಓಣಿಯ ಹುಡುಗಿಯರೆಲ್ಲ ಜೀಕುವಾಗ ನಾನು ಉಂಡಿ ಕಡಿಯುತ್ತ ನಿಂತು ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಅಜ್ಜ ವರ್ಷಾ ವರ್ಷಾ ಹೊಸ ಹಗ್ಗ ತಂದು ‘ಕಟ್ಟೂಣಂತ’ ಎನ್ನುತ್ತಿದ್ದರು. ಹಗ್ಗ ಮಾತ್ರ ಅರಿವೆ ಒಣಹಾಕುವುದಕ್ಕೆ ಹೋಗುತ್ತಿತ್ತು. ಅಜ್ಜಿ ನನಗೆ ಹೆರಳು ಹಾಕುತ್ತ ಅರ್ಥ ಬಿಡಿಸಿ ಹೇಳಿದ್ದಳು: ‘ನಿಮ್ಮಜ್ಜ ನೋಡೂಣು ಅಂದ್ರ ಈ ವರ್ಷ ಇಲ್ಲ. ಮಾಡೂಣಂತ ಅಂದ್ರ ಈ ಜನ್ಮದಾಗ ಇಲ್ಲ. ತಿಳೀತೇನವಾ?’

ಹಿತ್ತಲ ಖೋಲಿಗೆ ಬಾಡಿಗೆಗೆ ಬಂದ ಮೈಸೂರಿನ ಮೇಷ್ಟ್ರಿಗೆ ಈ ಒಳಗುಟ್ಟು ತಿಳಿದಿರಲಿಲ್ಲ. ಪಂಚಮಿಯ ಬೆಳಿಗ್ಗೆ ಮಣೆ ಹಿಡಿದು ಬಂದೇಬಿಟ್ಟರು. ‘ಜೋಕಾಲಿ ಕಟ್ಟೋಣ ಅಂದಿದ್ರಲ್ಲ ಸಾರ್?’

ಅಜ್ಜ ಕಕ್ಕಾಬಿಕ್ಕಿಯಾದರು. ‘ಅಂದಿದ್ದೆ, ಖರೇರಿ. ಆದ್ರ ಹಿಂಗ ಕಟ್ಟೇಬಿಡೂದೇನ್ರಿ?’

ಮೇಷ್ಟ್ರು ಕಟ್ಟಿದರು. ಗಟ್ಟಿ ಅದನೋ ಇಲ್ಲೋ ನೋಡ್ತೀನಿ ಎಂದು ಅಜ್ಜ ಮೊದಲು ಕೂತರು. ಕೂತವರು ಏಳಲೇ ಇಲ್ಲ; ಧೋತರದ ಚುಂಗು ಹಾರಿಸುತ್ತ ಜೀಕಿದ್ದೇ ಜೀಕಿದ್ದು. ನಾನು ಕಾಲು ನೆಲಕ್ಕೆ ಬಡಿದು ಅತ್ತೆ. ‘ಇಳೀರಿ ಅಜ್ಜಾ!’

‘ಇಳಿಯೂಣಂತ!’ ಎಂದರು ಅಜ್ಜ, ಮೇಲಿನಿಂದ.

ಅಜ್ಜಿ ಹೋಗಿ ಎಷ್ಟೋ ವರ್ಷಗಳ ಮೇಲೆ ಅಜ್ಜ ಆಸ್ಪತ್ರೆ ಸೇರಿದರು. ಇನ್ನು ಮನೆಗೆ ಮರಳುವ ಮಾತಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದರೆ ಅಜ್ಜ, ‘ಪಂಚಮಿ ಬಂತಲ್ಲವಾ, ಮನಿಗೆ ಹೋಗೂದ್ಯಾವಾಗ?’ ಎಂದರು. ‘ಇಲ್ಲ’ ಎನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

‘ಹೋಗೂಣಂತ ಅಜ್ಜಾ. ಜೋಕಾಲಿ ಕಟ್ಟೂಣಂತ.’

ಅಜ್ಜ ನನ್ನ ಮುಖವನ್ನೇ ನೋಡಿದರು. ಆಮೇಲೆ ಹೊದಿಕೆಯೊಳಗೆ ಅವರ ಹೊಟ್ಟೆ ಕುಲುಕತೊಡಗಿತು. ‘ನಿಮ್ಮಜ್ಜಿ ಇದಕ್ಕ ಏನರ್ಥ ಹೇಳಿದ್ಲು ಅಂತ ನನಗ ಗೊತ್ತದವಾ,’ ಎಂದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಇಬ್ಬರಿಗೂ. ನನ್ನ ಕೈ ಹಿಡಿದುಕೊಂಡರು.

‘ಇರಲಿ. ಈ ಸಲ ನೀನ ಮೊದಲ ಕೂಡುವಂತಿ.’