ಸೆಲ್ಲಿನ ಗಿರಣಿ

ಕೂಡ್ಲಿಗಿಯಲ್ಲಿ ಅಪ್ಪನ ಹಿಟ್ಟಿನ ಗಿರಣಿ ಇತ್ತು. ಹತ್ತು ವರ್ಷದವಳಿದ್ದಾಗ ಅದರ ಕಟ್ಟೆಯ ಮೇಲೆ ನಾನೂ ಒಂದು ಗಿರಣಿ ಕಟ್ಟಿದೆ. ಗೋಡೆ ಮಣ್ಣಿನದು, ಒಳಗೆ ಅಣ್ಣನ ಮುರಿದ ಆಟದ ಕಾರಿನಿಂದ ಕಿತ್ತ ಮೋಟಾರು, ಅದರ ತುದಿಗೆ ತಗಡಿನ ಚೂರು. ಸೆಲ್ಲು ಹಾಕಿದರೆ ಗುಂಯ್ ಎಂದು ತಿರುಗುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಅಪ್ಪನ ಗಿರಣಿ ನಿಂತಿತು. ಪಕ್ಕದ ಹಳ್ಳಿಯಿಂದ ಜೋಳ ತಂದಿದ್ದ ಅಜ್ಜಿಯೊಬ್ಬಳು ಕಾದು ಸಾಕಾಗಿ ನನ್ನ ಪಕ್ಕ ಬಂದು ಕೂತಳು.

"ನಿಂದು ನಡೀತೈತೇನವ್ವ?"

"ನಡೀತೈತ್ರಿ. ಇದಕ್ಕ ಕರೆಂಟ್ ಬ್ಯಾಡ."

"ಹಂಗಾರ ನಂದು ಬೀಸಿಕೊಡು" ಎಂದು ಒಂದು ಹಿಡಿ ಜೋಳ ಮುಂದೆ ಸುರಿದಳು.

ಒಂದೊಂದೇ ಕಾಳು ಹಾಕುತ್ತ ಹೋದೆ. ಬಹುಪಾಲು ಸಿಡಿದು ಬೀದಿಗೆ ಬಿದ್ದವು, ಅವನ್ನು ಕೋಳಿಗಳು ತಿಂದವು. ಮೂರು ಕಾಳು ಮಾತ್ರ ಒಡೆದವು. ಅಜ್ಜಿ ಅವನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ನುಚ್ಚಾತಲ್ಲವ್ವ, ನನಗ ಹಿಟ್ಟು ಬೇಕಾಗಿತ್ತು. ಇರ್ಲಿ," ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನನಗೆ ನಾಚಿಕೆಯಾಗಿ ತಗಡನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡಿದೆ.

ಇದನ್ನೆಲ್ಲ ನೋಡುತ್ತಿದ್ದ ಇನ್ನಿಬ್ಬರು ಹೆಂಗಸರು ಜೋಳದ ಬುಟ್ಟಿ ಎತ್ತಿಕೊಂಡು ಬಂದು, "ನಮ್ ಪಾಳಿ ಯಾವಾಗ ಬರ್ತೈತಿ?" ಎಂದರು. ಅಷ್ಟರಲ್ಲಿ ಸೆಲ್ಲು ಮುಗಿದಿತ್ತು.

"ನಾಳೆ ಬರ್ರಿ" ಎಂದೆ, ಅಪ್ಪನ ಧಾಟಿಯಲ್ಲಿ. ಅವರು ತಿರುಗಿ ಹೋಗಿ ತಮ್ಮ ಜಾಗದಲ್ಲಿ ಕೂತರು.