ಬಾಯಿ ಹೆಚ್ಚಾದ ಪೆಟ್ಟಿಗೆ

ಚಿಕ್ಕಮ್ಮನ ಕೈಲಿ ಬೈಸಿಕೊಳ್ಳಬೇಕೆಂದರೆ ಪುರುಸೊತ್ತು ಮಾಡಿಕೊಂಡು ಕೂರಬೇಕು. ಕಿವಿಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿ ಅರ್ಧ ಆಯಸ್ಸು ಕಳೆದವಳು ಅವಳು. ಬರುವ ಗಿರಾಕಿಗಳಿಗೆಲ್ಲ ಕಿವಿ ಮಂದ. ಹಾಗಾಗಿ ಯಾರ ಜೊತೆಗೇ ಆಗಲಿ, ತುಟಿ ಕಾಣುವಂತೆ ಎದುರು ನಿಂತು ಒಂದೊಂದೇ ಪದ ಬಿಡಿಸಿ ಆಡುವುದು ರೂಢಿಯಾಗಿಬಿಟ್ಟಿದೆ. “ನೀನು... ಶುದ್ಧ... ದಂಡಪಿಂಡ” ಎಂದು ಅವಳು ಮುಗಿಸುವಷ್ಟರಲ್ಲಿ ಕೇಳಿದವನಿಗೂ ಅದು ನಿಜವೇ ಇರಬೇಕು ಅನ್ನಿಸಿರುತ್ತದೆ.

ಕೇಳುವವನು ಹೆಚ್ಚಾಗಿ ಅವಳ ಅಕ್ಕನ ಮಗ. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ದಿನವಿಡೀ ಪಾರ್ಸೆಲ್ ತೂಗುವುದು ಅವನ ಕೆಲಸವಾದ್ದರಿಂದ ‘ತಕ್ಕಡಿ’ ಎಂದು ಹೆಸರು ಬಿದ್ದಿದೆ. ಊರವರ ಸಾಮಾನನ್ನು ಗ್ರಾಮಿನ ಲೆಕ್ಕದಲ್ಲಿ ತೂಗುವ ತನಗೆ ಮಾತು ತೂಗಿ ಆಡಲು ಬರುವುದಿಲ್ಲವೆಂದು, ಬೇರೆಯವರು ಹೇಳುವ ಮೊದಲೇ ಅವನು ಹೇಳಿಕೊಂಡು ನಕ್ಕುಬಿಡುತ್ತಾನೆ. ಹವ್ಯಾಸಿ ರೇಡಿಯೋ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿ ವಾಕಿಟಾಕಿ ಕೊಂಡ ಮೇಲೆ ಅದರಲ್ಲಿ ಅವನು ಆಡಿದ್ದರ ಸಾರಾಂಶ ಇಷ್ಟೇ: “ಹಲೋ, ಕೇಳಿಸ್ತಾ ಇದೆಯಾ?”

ಕೇಳಿಸುತ್ತಿತ್ತು. ಅದಕ್ಕೆ ಕಾರಣ ಚಿಕ್ಕಮ್ಮ. ಅಂಗಡಿಯಿರುವ ಎತ್ತರದ ಕಟ್ಟಡದ ನೆತ್ತಿಯಲ್ಲಿ, ಲಿಫ್ಟಿನ ಮೋಟರು ಇರುವ ಕೋಣೆಯ ಮೂಲೆಯಲ್ಲಿ, ಅವಳೇ ಕೈಯಾರೆ ಕಟ್ಟಿದ ರಿಪೀಟರ್ ಪೆಟ್ಟಿಗೆಯಿದೆ. ಟ್ಯಾಕ್ಸಿಯವರು ಎಸೆದ ಎರಡು ಹಳೆಯ ರೇಡಿಯೋಗಳನ್ನು ಬಿಚ್ಚಿ, ಒಂದನ್ನು ಕಿವಿ ಮಾಡಿದ್ದಾಳೆ, ಇನ್ನೊಂದನ್ನು ಬಾಯಿ. ಸಣ್ಣ ವಾಕಿಟಾಕಿಯ ಕ್ಷೀಣ ದನಿಯನ್ನು ಕಿವಿ ಹಿಡಿಯುತ್ತದೆ. ಬಾಯಿ ಅದನ್ನು ಆ ಕ್ಷಣವೇ ಬೇರೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಊರಿಗೆಲ್ಲ ಹೇಳುತ್ತದೆ. ಪ್ರತಿ ಕುಟುಂಬದಲ್ಲೂ ಇಂಥ ಒಬ್ಬರು ಅತ್ತೆ ಇರುತ್ತಾರೆ. ವ್ಯತ್ಯಾಸವೆಂದರೆ ಪೆಟ್ಟಿಗೆ ತನ್ನದೇನನ್ನೂ ಸೇರಿಸುವುದಿಲ್ಲ. ಕಿವಿಗೂ ಬಾಯಿಗೂ ಆಂಟೆನಾ ಒಂದೇ. ಬಾಯಿಯ ಗದ್ದಲ ಕಿವಿಗೆ ಬಡಿಯದಂತೆ ನಡುವೆ ತಾಮ್ರದ ಡಬ್ಬಿಗಳ ಸಾಲು ತಡೆದು ನಿಂತಿದೆ. ಅವುಗಳ ತಿರುಪುಗಳನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ಹದಕ್ಕೆ ತರಲು ಚಿಕ್ಕಮ್ಮ ಒಂದಿಡೀ ಬೇಸಿಗೆ ಒದ್ದಾಡಿದ್ದಳು.

ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳು ರೇಡಿಯೋದಲ್ಲಿ ಹಾಜರಿ ಕರೆಯುತ್ತಾಳೆ. ಬೇಕರಿಯವನು, ಬಸ್ ಡಿಪೋದ ಅಕ್ಕ, ಮೇಷ್ಟ್ರು, ತಕ್ಕಡಿ, ಎಲ್ಲರಿಗಿಂತ ಕೊನೆಗೆ ಗಡಿಯಾರದ ಅಜ್ಜ. ಪಕ್ಕದ ಮಳಿಗೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು ಅವರು. ಹೊಸದಾಗಿ ಕೆಲಸಕ್ಕೆ ಸೇರಿ ಬೆವರುಗೈಯಲ್ಲಿ ಸಣ್ಣ ತಂತಿಗಳನ್ನು ತುಂಡು ಮಾಡುತ್ತಿದ್ದ ಚಿಕ್ಕಮ್ಮನಿಗೆ, “ಉಸಿರು ಬಿಟ್ಟಾದ ಮೇಲೆ ಮುಟ್ಟಮ್ಮ” ಎಂದು ಚಿಮಟ ಹಿಡಿಯಲು ಕಲಿಸಿದವರು. ರೇಡಿಯೋದ ಹುಚ್ಚು ಹಿಡಿಸಿದವರೂ ಅವರೇ. ಈಗ ಹಾಸಿಗೆ ಹಿಡಿದಿದ್ದಾರೆ. ಮಂಚದ ಕಂಬಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ವಾಕಿಟಾಕಿಯೇ ಅವರ ಓಡಾಟ. ಅವರನ್ನು ಕೊನೆಗೆ ಕರೆಯುವುದಕ್ಕೂ ಕಾರಣವಿದೆ: ಹಿಂದೆ ಯಾರೂ ಕಾಯುತ್ತಿರದಿದ್ದರೆ ಅಜ್ಜ ಸಾಕೆನಿಸುವಷ್ಟು ಮಾತಾಡಬಹುದು. ಅವರಿಗೆ ಸಾಕೆನಿಸಿದ್ದನ್ನು ಯಾರೂ ಕಂಡಿಲ್ಲ.

ಅಂಥ ಅಜ್ಜ ಒಂದು ಸಂಜೆ ಉತ್ತರಿಸಲಿಲ್ಲ. ಮರುದಿನವೂ ಇಲ್ಲ. ಚಿಕ್ಕಮ್ಮ ಕರೆದು, ಕಾದು, ಮತ್ತೆ ಕರೆದು, ಕೊನೆಗೆ ಅವರ ಸೊಸೆಗೆ ಫೋನ್ ಮಾಡಿದಳು.

“ಮಾವ ಚೆನ್ನಾಗೇ ಇದ್ದಾರಕ್ಕಾ. ದಿನಾ ಮಾತಾಡ್ತಾನೂ ಇದ್ರು. ನೀವೇ ಮಧ್ಯ ಮಧ್ಯ ಕಟ್ ಮಾಡ್ತೀರಂತೆ. ‘ನನ್ನ ಹರಟೆ ಸಾಕಾಯ್ತೇನೋ ಅವ್ರಿಗೆಲ್ಲ’ ಅಂತ ನಿನ್ನೆಯಿಂದ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಊಟಾನೂ ಅಷ್ಟಕ್ಕಷ್ಟೆ.”

“ಅವ್ರ ಕೈಗೆ ಫೋನ್ ಕೊಡಮ್ಮ.”

“ಬೇಡವಂತೆ.”

ಚಿಕ್ಕಮ್ಮ ಫೋನ್ ಇಟ್ಟಳು. ಯಾರನ್ನೂ ಬೈಯಲಿಲ್ಲ. ಪಕ್ಕದಲ್ಲಿದ್ದ ತಕ್ಕಡಿಗೆ ಗಾಬರಿಯಾದದ್ದು ಆಗಲೇ.

ಭಾನುವಾರ ಇಬ್ಬರೂ ಮೇಲಿನ ಕೋಣೆಗೆ ಹತ್ತಿದರು. ಹಣೆಗೇರಿಸಿದ ಭೂತಗನ್ನಡಿಯನ್ನು ಕಣ್ಣಿಗಿಳಿಸಿ, ಅಂಗಡಿಯಲ್ಲಿ ಕಿವಿಯಂತ್ರ ಪರೀಕ್ಷಿಸುವ ಕ್ರಮದಲ್ಲೇ ಚಿಕ್ಕಮ್ಮ ಶುರುಮಾಡಿದಳು: ಮೊದಲು ಗದ್ದಲವೆಲ್ಲ ನಿಲ್ಲಬೇಕು. ಬಾಯಿಯ ತಂತಿ ಕಿತ್ತಿಟ್ಟು ಕಿವಿಯೊಂದಕ್ಕೇ ಸಣ್ಣ ಸಣ್ಣ ಸಿಗ್ನಲ್ ಕೊಟ್ಟು ನೋಡಿದಳು. ಸೊಳ್ಳೆಯಷ್ಟು ಸಿಗ್ನಲ್ಲನ್ನೂ ಅದು ಹಿಡಿಯಿತು. ತಕ್ಕಡಿ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಒರೆಸಿದ, ಅವು ಮೊದಲೇ ಹೊಳೆಯುತ್ತಿದ್ದವು.

“ಕಿವಿ ಮುತ್ತಿನಂಥದ್ದು ಕಣೋ. ಮತ್ಯಾಕೆ ಕೇಳ್ತಿಲ್ಲ?”

“ಅಜ್ಜನ ಬ್ಯಾಟರಿ ಹೋಗಿರ್ಬಹುದು.”

“ಬ್ಯಾಟರಿ ಕಂಡುಹಿಡಿದವನೇ ನೀನು ನೋಡು. ಹೋಗು, ಬಸ್ ಸ್ಟಾಪಿನ ಆಚೆ ನಿಂತು, ಪವರ್ ಪೂರ್ತಿ ಇಳಿಸಿ ಮಾತಾಡು. ಅಜ್ಜ ಮಲಗಿದ ಹಾಗೆ ರೇಡಿಯೋ ಅಡ್ಡ ಹಿಡ್ಕೋ. ನಾನು ಎಲ್ಲ ಜೋಡಿಸಿಟ್ಟಿರ್ತೀನಿ.”

ಬಸ್ ಸ್ಟಾಪಿನಲ್ಲಿ ನಿಂತವರೆದುರು ತಲೆ ವಾಲಿಸಿ, ಕಂಕುಳಲ್ಲಿ ವಾಕಿಟಾಕಿ ಅವುಚಿಕೊಂಡು ಮಾತಾಡುವುದು ಯಾವ ಗಂಡಸಿಗೂ ಶೋಭಿಸುವುದಿಲ್ಲ. ಒಬ್ಬಾಕೆ ತನ್ನ ಮಗುವನ್ನು ಆಚೆಗೆ ಸರಿಸಿಕೊಂಡಳು. ತಕ್ಕಡಿ ತನ್ನ ಪ್ರಸಿದ್ಧ ಭಾಷಣ ಶುರುಮಾಡಿದ: “ಹಲೋ, ಕೇಳಿಸ್ತಾ—” ಪಕ್ಕದ ಬೇಕರಿಯ ಹೊರಗೆ ಬೇಕರಿಯವನ ರೇಡಿಯೋ ತೂಗುತ್ತಿತ್ತು. ಅದರಲ್ಲಿ ತಕ್ಕಡಿಯದೇ ದನಿ ಬಂತು: “ಹ... ಳಿ... ತಾ...” ಯಾರೋ ಬಾಯಿಗೆ ಕೈ ಒತ್ತಿ ಬಿಟ್ಟಂತೆ, ಮತ್ತೆ ಒತ್ತಿದಂತೆ.

ಹೀಗೇ ಕತ್ತರಿಸಿಕೊಂಡು ಅಜ್ಜ ದಿನಾ ಸಂಜೆ ಮಾತಾಡಿದ್ದರು; ಬಳಗ ಅದನ್ನು ಅವರ ಆಯಾಸವೆಂದುಕೊಂಡಿತ್ತು. ಬರಬರುತ್ತ ಆ ತುಣುಕುಗಳೂ ಯಾರಿಗೂ ತಲುಪಿರಲಿಕ್ಕಿಲ್ಲ.

ತಕ್ಕಡಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತ. ಪೆಟ್ಟಿಗೆ ದನಿಯನ್ನು ಹಿಡಿಯುತ್ತಿದೆ; ಹೇಳಲು ಬಾಯಿ ತೆರೆದ ಕೂಡಲೇ ತನ್ನ ಗದ್ದಲಕ್ಕೆ ತಾನೇ ಕಿವುಡಾಗುತ್ತಿದೆ; ದನಿ ತಪ್ಪಿ ಬಾಯಿ ಮುಚ್ಚಿದರೆ ಮತ್ತೆ ಕೇಳುತ್ತದೆ. ಬಾಯಿಯ ತಂತಿ ಕಿತ್ತು ಪರೀಕ್ಷಿಸಿದರೆ ಇದು ಸಿಗುವುದೆಂತು? ಬಾಯಿಗೆ ಅಷ್ಟು ಬಲ ಬಂದದ್ದು ಎಲ್ಲಿಂದಲೆಂದು ಅವನಿಗೆ ಗೊತ್ತಿತ್ತು. ಹೋದ ವಾರ ಅವನೇ ಒಂದು ಆಂಪ್ಲಿಫೈಯರ್ ಕಟ್ಟಿ ಕೂರಿಸಿದ್ದ. “ತಕ್ಕಡಿ, ಪಕ್ಕದ ಮನೇಲಿ ಕೂತು ಮಾತಾಡಿದ ಹಾಗಿದೆಯಲ್ಲೋ” ಎಂದು ಎಲ್ಲರೂ ಹೊಗಳಿದ್ದರು. ಚಿಕ್ಕಮ್ಮನೂ. ಆ ಹೊಗಳಿಕೆಯನ್ನು ಅವನು ದಿನಾ ಕೌಂಟರಿನ ಹಿಂದೆ ಕೂತು ಮನಸ್ಸಿನಲ್ಲೇ ತೂಗಿ ನೋಡುತ್ತಿದ್ದ. ಜೋರು ದನಿಯವರದ್ದೆಲ್ಲ ಆ ಗದ್ದಲದಲ್ಲೂ ಕೇಳಿತ್ತು. ಮಂಚಕ್ಕೆ ಅಡ್ಡ ಕಟ್ಟಿದ ವಾಕಿಟಾಕಿಯಿಂದ ಕ್ಷೀಣ ಸಿಗ್ನಲ್ ಬರುವ ಮೆಲುದನಿಯವರು ಬಳಗದಲ್ಲಿ ಒಬ್ಬರೇ.

ಮೆಟ್ಟಿಲು ಹತ್ತಿ ಬಂದಾಗ ಚಿಕ್ಕಮ್ಮ ಪೆಟ್ಟಿಗೆ ಬಾಯಿ ತೆರೆದಾಗ ಹೊತ್ತುವ ಕೆಂಪು ದೀಪವನ್ನೇ ನೋಡುತ್ತ ಕೂತಿದ್ದಳು. ಪಕ್ಕದಲ್ಲಿ ಸ್ಕ್ರೂಡ್ರೈವರ್ ಇತ್ತು. ಮುಟ್ಟಿರಲಿಲ್ಲ.

“ದೀಪ ಕಣ್ಣು ಮಿಟುಕಿಸ್ತಿತ್ತು” ಎಂದಳು.

“ನನ್ನ ಆಂಪ್ಲಿಫೈಯರ್ರು, ಚಿಕ್ಕಮ್ಮ.”

“ಹೂಂ. ನೀನು ಬಿಚ್ತೀಯೇನೋ ಅಂತ ಕಾದೆ.”

ಅವನೇ ಬಿಚ್ಚಿದ. ಉಸಿರು ಬಿಟ್ಟಾದ ಮೇಲೆ ಒಂದೊಂದೇ ತಿರುಪು. “ಎಷ್ಟು ಚಂದ ಬೆಸುಗೆ ಹಾಕಿದೀಯೋ” ಎಂದು ಚಿಕ್ಕಮ್ಮ ಅದನ್ನು ಕೈಲಿ ಹಿಡಿದು ನೋಡಿದಳು. ಆಮೇಲೆ, ಪದ ಬಿಡಿಸದೆ, ಮಾಮೂಲಿ ಮನುಷ್ಯರಂತೆ ಹೇಳಿದಳು: “ಡಬ್ಬಿಗಳನ್ನ ಮತ್ತೆ ಹದ ಮಾಡೋದು ಕಲಿಸ್ತೀನಿ. ಆಮೇಲೆ ಹಾಕಣ. ಅಲ್ಲಿವರೆಗೂ ದೂರದವ್ರು ಗೊಣಗ್ಲಿ ಬಿಡು. ಈಗ ಅಜ್ಜನ ಮನೆಗೆ ಹೋಗು.”

ಅಜ್ಜ ಗೋಡೆಯತ್ತ ಮುಖ ಮಾಡಿದ್ದರು. ತಕ್ಕಡಿ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದ.

“ಸಮಾಧಾನಕ್ಕೆ ಹೇಳ್ತೀಯ” ಎಂದರು ಗೋಡೆಗೆ.

“ನನ್ನ ಮರ್ಯಾದೆ ಕಳ್ಕೊಂಡು ಯಾರಿಗಾದ್ರೂ ಸಮಾಧಾನ ಹೇಳ್ತೀನಾ, ಅಜ್ಜ?”

ಹಾಜರಿಯ ಹೊತ್ತಾಯಿತು. ತಕ್ಕಡಿ ವಾಕಿಟಾಕಿ ಹಚ್ಚಿ, ಆಂಟೆನಾ ನೆಟ್ಟಗಿರುವಂತೆ ಅವರ ತಲೆಯ ಬಳಿ ಎತ್ತಿ ಹಿಡಿದ. ಬೇಕರಿಯವನು ಬಂದ. ಡಿಪೋದ ಅಕ್ಕ ದನಿ ಕ್ಷೀಣವಾಗಿದೆಯೆಂದು ಗೊಣಗಿದಳು. ಮೇಷ್ಟ್ರೂ ಗೊಣಗಿದರು. ಕೊನೆಗೆ ಚಿಕ್ಕಮ್ಮ ಬಿಡಿಸಿ ಬಿಡಿಸಿ ಕರೆದಳು: “ಗಡಿಯಾರದ... ಅಜ್ಜ. ಇದ್ದೀರಾ?”

ಅಜ್ಜ ಅಲುಗಲಿಲ್ಲ. ಚಿಕ್ಕಮ್ಮ ಮತ್ತೆ ಕರೆಯಲಿಲ್ಲ, ಹಾಜರಿಯನ್ನು ಮುಗಿಸಲೂ ಇಲ್ಲ. ಬರೀ ಕಾದಳು. ಬಳಗವೆಲ್ಲ ಕಾಯಿತು. ತಕ್ಕಡಿಯ ಹೆಬ್ಬೆರಳು ಗುಂಡಿಯ ಪಕ್ಕದಲ್ಲೇ ಇತ್ತು, ಒತ್ತಲಿಲ್ಲ.

ಕೊನೆಗೆ ಅಜ್ಜನ ಕೈ ಬಂದು ಅವನ ಬೆರಳನ್ನು ಸರಿಸಿ ಗುಂಡಿ ಒತ್ತಿತು.

“ಇದ್ದೀನಮ್ಮ. ಕೇಳಿಸ್ತಾ?”

“ಪೂರ್ತಿ ಕೇಳಿಸ್ತು. ಪೆಟ್ಟಿಗೆಗೆ ಬಾಯಿ ಸ್ವಲ್ಪ ಜಾಸ್ತಿಯಾಗಿತ್ತು ಅಜ್ಜ, ಸರಿ ಮಾಡಿದ್ವಿ. ಹೇಳಿ, ನಾವೆಲ್ಲ ಇಲ್ಲೇ ಇದ್ದೀವಿ.”

ಅಜ್ಜ ಈಚೆ ಹೊರಳಿದರು. ಮಸೀದಿಯ ಗೋಪುರದಷ್ಟು ಎತ್ತರದ ಗಡಿಯಾರದೊಳಗೆ ಪಾರಿವಾಳ ಗೂಡು ಕಟ್ಟಿದ ಕಥೆ ಶುರುವಾಯಿತು. ಅದು ಎಲ್ಲರಿಗೂ ಬಾಯಿಪಾಠ. ಪಾರಿವಾಳ ಇನ್ನೂ ಮೊಟ್ಟೆಯಿಟ್ಟಿರಲಿಲ್ಲ, ಅಷ್ಟರಲ್ಲೇ ತಕ್ಕಡಿಯ ತೋಳು ಸೋತು ವಾಲತೊಡಗಿತು.

ಅಜ್ಜ ಗುಂಡಿ ಬಿಟ್ಟು ಅವನತ್ತ ನೋಡಿದರು. “ಕೈ ಬದಲಾಯಿಸ್ಕೋ ಮಗು” ಎಂದರು. “ಇನ್ನೂ ಬಹಳ ಇದೆ.”